ಮೇನ್‌ಫ್ರೇಮ್‌ನ ಗಣಿತ ಲೈಬ್ರರಿ ಮತ್ತು ನಮ್ಮ ಗಣಿತದ ತರಗತಿ

ಬೋಧನಾಭ್ಯಾಸಕ್ಕೆಂದು ಪ್ರೌಢಶಾಲೆಗೆ ಹೋಗುವ ಗಣಿತದ ಪ್ರಶಿಕ್ಷಣಾರ್ಥಿಗಳಿಗೆ ವಾಸ್ತವ ಸಂಖ್ಯೆಗಳ ಪಾಠದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. "ಮಿಸ್, 2ರ ವರ್ಗಮೂಲ ಮುಗಿಯದ ದಶಮಾಂಶ ಅಂತೀರಿ. ಮೊಬೈಲಿನಲ್ಲಿ ಒತ್ತಿದ ಕೂಡಲೇ ಬರುತ್ತದಲ್ಲ, ಅದಕ್ಕೆ ಹೇಗೆ ಗೊತ್ತು?" ನಮ್ಮ ಹೆಚ್ಚಿನ ಪಾಠ ಟಿಪ್ಪಣಿಗಳಲ್ಲಿ ಇದಕ್ಕೆ ಜಾಗವಿಲ್ಲ. "ಅದರೊಳಗೆ ಪ್ರೋಗ್ರಾಂ ಇದೆ, ಈಗ ಮುಂದಿನ ಲೆಕ್ಕ ನೋಡೋಣ" ಎಂದು ಮುಂದೆ ಸಾಗುವುದೇ ರೂಢಿ. ಮಗು ಕೇಳಿದ್ದು ಮಾತ್ರ ಗಣಿತದ ಪ್ರಶ್ನೆಯೇ. ಉತ್ತರವೂ ಗಣಿತದಲ್ಲೇ ಇದೆ, ಮುಕ್ಕಾಲು ಪಾಲು ಪ್ರೌಢಶಾಲೆಯ ಗಣಿತದಲ್ಲೇ.

ಆ ಪ್ರೋಗ್ರಾಂಗೆ ಗಣಿತ ಲೈಬ್ರರಿ ಎಂದು ಹೆಸರು. ವರ್ಗಮೂಲ, ಸೈನ್, ಲಾಗರಿದಮ್, ಮಾತೃಕೆಗಳ ಗುಣಾಕಾರ ಮುಂತಾದ ಕೆಲಸಗಳನ್ನು ಪರಿಣತರು ಒಮ್ಮೆ ಎಚ್ಚರದಿಂದ ಬರೆದಿಡುತ್ತಾರೆ. ಉಳಿದ ಪ್ರೋಗ್ರಾಂಗಳೆಲ್ಲ ಅವನ್ನು ಕರೆದು ಬಳಸಿಕೊಳ್ಳುತ್ತವೆ. ಇದರ ಕಥೆಯನ್ನು ಮೊಬೈಲಿನಿಂದ ಶುರುಮಾಡುವುದಕ್ಕಿಂತ ಮೇನ್‌ಫ್ರೇಮ್‌ನಿಂದ ಶುರುಮಾಡುವುದು ಬೋಧಕರಿಗೆ ಲಾಭ. ಒಂದು ಕೋಣೆ ತುಂಬುವ ಆ ಯಂತ್ರವನ್ನು ನೂರಾರು ಜನ ಹಂಚಿಕೊಳ್ಳುತ್ತಿದ್ದರು, ಅದರ ಸಮಯಕ್ಕೆ ಬೆಲೆಯಿತ್ತು. ವರ್ಗಮೂಲದ ಒಂದು ಪ್ರೋಗ್ರಾಂ ನಿಧಾನವಾದರೆ ಎಲ್ಲರ ಕೆಲಸವೂ ನಿಧಾನ, ಅದು ತಪ್ಪಿದರೆ ಎಲ್ಲರ ಉತ್ತರವೂ ತಪ್ಪು. ಹಾಗಾಗಿ ವೇಗ, ನಿಖರತೆ ಎರಡರ ಬಗ್ಗೆಯೂ ಅಲ್ಲಿ ಬಹಿರಂಗವಾಗಿಯೇ ಜಗಳ ನಡೆಯಿತು.

ಐಬಿಎಂ ಸಂಸ್ಥೆ 1964ರ ಏಪ್ರಿಲ್‌ನಲ್ಲಿ ಸಿಸ್ಟಮ್/360 ಎಂಬ ಯಂತ್ರಗಳ ಕುಟುಂಬವನ್ನು ಪ್ರಕಟಿಸಿತು. ಇಂದು ಬ್ಯಾಂಕು, ವಿಮೆ, ವಿಮಾನಯಾನಗಳ ಲೆಕ್ಕ ನೋಡುವ ಐಬಿಎಂ ಮೇನ್‌ಫ್ರೇಮ್‌ಗಳು ಅದರ ನೇರ ವಂಶಸ್ಥರು. ಆಗಿನ ಯಂತ್ರಕ್ಕೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬರುತ್ತಿತ್ತು. ವರ್ಗಮೂಲಕ್ಕೆಂದು ಪ್ರತ್ಯೇಕ ಆದೇಶ ಇರಲಿಲ್ಲ. ಲೈಬ್ರರಿ ಮಾಡುತ್ತಿದ್ದ ಉಪಾಯವನ್ನು ಕರಿಹಲಗೆಯ ಮೇಲೆ ಐದು ನಿಮಿಷದಲ್ಲಿ ತೋರಿಸಬಹುದು. 2ರ ವರ್ಗಮೂಲಕ್ಕೆ ಒಂದು ಊಹೆ ಹಿಡಿಯಿರಿ, 1 ಎಂದಿರಲಿ. 2ನ್ನು ಊಹೆಯಿಂದ ಭಾಗಿಸಿ, ಬಂದದ್ದರ ಮತ್ತು ಊಹೆಯ ಸರಾಸರಿ ತೆಗೆಯಿರಿ: 1.5. ಅದನ್ನೇ ಹೊಸ ಊಹೆಯಾಗಿಸಿ ಮತ್ತೆ ಮಾಡಿದರೆ 1.4167, ಮತ್ತೆ ಮಾಡಿದರೆ 1.414216, ನಾಲ್ಕನೇ ಸಲಕ್ಕೆ 1.41421356237. ಪ್ರತಿ ಸುತ್ತಿನಲ್ಲೂ ಸರಿಯಾದ ಅಂಕಿಗಳು ಸುಮಾರಾಗಿ ಇಮ್ಮಡಿಯಾಗುತ್ತವೆ. ಮೊದಲ ಊಹೆ ಚೆನ್ನಾಗಿದ್ದರೆ ಎರಡು ಮೂರು ಸುತ್ತು ಸಾಕು. ಆ ಮೊದಲ ಊಹೆಯನ್ನು ಚೆನ್ನಾಗಿ ಆರಿಸುವುದೇ ಲೈಬ್ರರಿ ಬರೆಯುವವರ ಕಸುಬು.

ಸೈನ್ ಇದಕ್ಕಿಂತ ಸ್ವಾರಸ್ಯ. ಕೇರಳದ ಮಾಧವನ ಪರಂಪರೆಯಲ್ಲಿ ಯುರೋಪಿಗಿಂತ ಮೊದಲೇ ತಿಳಿದಿದ್ದ ಸೈನ್ ಶ್ರೇಣಿಯನ್ನು ಅನೇಕರು ಬಲ್ಲರು: ಕೋನ, ಅದರಿಂದ ಕೋನದ ಘನ ಭಾಗಿಸು 6 ಕಳೆ, ಐದನೇ ಘಾತ ಭಾಗಿಸು 120 ಕೂಡು, ಹೀಗೆ. ಎಷ್ಟೇ ದೊಡ್ಡ ಕೋನಕ್ಕೂ ಈ ಶ್ರೇಣಿ ಸರಿಯಾದ ಬೆಲೆಗೇ ಸೇರುತ್ತದೆ ಎಂದು ಗಣಿತ ಭರವಸೆ ಕೊಡುತ್ತದೆ. ಹಾಗಾದರೆ 10 ರೇಡಿಯನ್‌ನ ಸೈನ್ ಬೇಕು, ಪ್ರತಿ ಪದವನ್ನೂ ಎರಡು ದಶಮಾಂಶ ಸ್ಥಾನಕ್ಕೆ ಸರಿಹೊಂದಿಸಿ ಕೂಡೋಣ. ಪದಗಳು 10, 166.67, 833.33, 1984.13, 2755.73 ಎಂದು ಏರಿ, 2505.21, 1605.90, 764.72 ಎಂದು ಇಳಿದು, ಹದಿನೈದನೇ ಪದಕ್ಕೆ 0.01 ಆಗುತ್ತವೆ. ಕೂಡುವ ಪದಗಳ ಮೊತ್ತ 5506.33, ಕಳೆಯುವ ಪದಗಳ ಮೊತ್ತ 5506.90. ಉತ್ತರ −0.57. ನಿಜವಾದ ಬೆಲೆ −0.544. ಎರಡನೇ ದಶಮಾಂಶ ಸ್ಥಾನವೇ ತಪ್ಪಿತು. ಸೂತ್ರದಲ್ಲಿ ದೋಷವಿಲ್ಲ, ಕೂಡಿದ್ದರಲ್ಲೂ ದೋಷವಿಲ್ಲ. ಸಾವಿರಗಟ್ಟಲೆ ದೊಡ್ಡ ಸಂಖ್ಯೆಗಳು ಪರಸ್ಪರ ವಜಾ ಆಗಿ ಸಣ್ಣ ಉತ್ತರ ಉಳಿದಾಗ, ಪ್ರತಿ ಪದದಲ್ಲೂ ಅಡಗಿದ್ದ ಚೂರುಪಾರು ದೋಷಗಳು ಒಟ್ಟಾಗಿ ಮೇಲೆ ಬಂದವು.

ಲೈಬ್ರರಿ ಹೀಗೆ ಮಾಡುವುದಿಲ್ಲ. ಅದು ಮೊದಲು 10ರಿಂದ ಪೈನ ಮೂರು ಪಟ್ಟನ್ನು ಕಳೆದು 0.57522ಕ್ಕೆ ಇಳಿಯುತ್ತದೆ. ಬೇಕಾದ ಸೈನ್ ಇದರ ಸೈನ್‌ಗೆ ಸಮ, ಚಿಹ್ನೆ ಮಾತ್ರ ಋಣ. ಈಗ ಮೂರೇ ಪದ: 0.57522 − 0.03172 + 0.00052 = 0.54402. ಹದಿನೈದು ಪದಗಳ ಬದಲು ಮೂರು ಪದ, ಮೇಲಾಗಿ ನಾಲ್ಕು ಸ್ಥಾನ ಸರಿ. (ನಿಜವಾದ ಲೈಬ್ರರಿಗಳು ಶ್ರೇಣಿಯನ್ನೂ ಇದ್ದಂತೆಯೇ ಬಳಸದೆ, ಆ ಸಣ್ಣ ವ್ಯಾಪ್ತಿಗೆ ಹೇಳಿಸಿದಂತಹ ಬಹುಪದೋಕ್ತಿಯೊಂದನ್ನು ಬಳಸುತ್ತವೆ.) ವೇಗವೂ ನಿಖರತೆಯೂ ಒಟ್ಟಿಗೇ ಬಂದದ್ದು ಹೆಚ್ಚು ಬಲದ ಯಂತ್ರದಿಂದಲ್ಲ, "ಸೈನ್ ಆವರ್ತಕ ಉತ್ಪನ್ನ" ಎಂಬ ಪಿಯುಸಿ ಪಾಠದಿಂದ. ಆವರ್ತಕತೆಯನ್ನು ಕಲಿಸುವಾಗ ಆಲೆಯ ಚಿತ್ರ ಬರೆದು ಬಿಡುವ ನಾವು, ಅದರಿಂದ ಏನು ಪ್ರಯೋಜನ ಎಂದು ಕೇಳುವ ವಿದ್ಯಾರ್ಥಿಗೆ ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ತೋರಿಸಬಹುದು.

ಸಿಸ್ಟಮ್/360ರ ದಶಮಾಂಶ ಲೆಕ್ಕದ ಬಗೆಗೆ ವಿಜ್ಞಾನಿಗಳಿಗೆ ಮೊದಲಿನಿಂದಲೂ ಅಸಮಾಧಾನವಿತ್ತು. ಯಂತ್ರ ಸಂಖ್ಯೆಯನ್ನು 16ರ ಆಧಾರದಲ್ಲಿ ಇಡುತ್ತಿತ್ತು. ಸಾಮಾನ್ಯ ರೂಪದಲ್ಲಿ ಆರು ಷೋಡಶ ಅಂಕಿ, ದೀರ್ಘ ರೂಪದಲ್ಲಿ ಹದಿನಾಲ್ಕು. ಮೊದಲ ಅಂಕಿ 1 ಆಗಿದ್ದರೆ ಅದರ ನಾಲ್ಕು ಬಿಟ್‌ಗಳಲ್ಲಿ ಮೂರು ಸೊನ್ನೆಗಳೇ ಆಗಿ ವ್ಯರ್ಥವಾಗುತ್ತವೆ. ಅಂದರೆ ಹೆಸರಿಗೆ 24 ಬಿಟ್, ಕೈಗೆ ಸಿಗುವುದು ಕೆಲವೊಮ್ಮೆ 21 ಮಾತ್ರ. ಅದಕ್ಕೂ ಹಿಂದಿನ ಐಬಿಎಂ 7094ರಲ್ಲಿ 27 ಬಿಟ್ ಇದ್ದುದರಿಂದ, ಹೊಸ ಯಂತ್ರ ತಂದವರಿಗೆ ಹಳೆಯದಕ್ಕಿಂತ ಕೆಟ್ಟ ಉತ್ತರ ಬರುವ ಪ್ರಸಂಗ ಉಂಟಾಯಿತು. ಇನ್ನೊಂದು ದೋಷ ದೀರ್ಘ ರೂಪದಲ್ಲಿತ್ತು: ಕಳೆಯುವಾಗ ಕಾವಲು ಅಂಕಿ ಇರಲಿಲ್ಲ. ಕಾವಲು ಅಂಕಿ ಎಂದರೇನು? ಮೂರೇ ಅಂಕಿ ಇಡಬಲ್ಲ ಯಂತ್ರವೊಂದು 1.00ರಿಂದ 0.999 ಕಳೆಯಬೇಕಾಗಿದೆ ಎನ್ನಿ. ದಶಮಾಂಶ ಬಿಂದುಗಳನ್ನು ಒಂದರ ಕೆಳಗೊಂದು ಹೊಂದಿಸುವಾಗ ಕೊನೆಯ 9 ಬಲಗಡೆಯಿಂದ ಹೊರಗೆ ಬೀಳುತ್ತದೆ. ಉಳಿದದ್ದು 0.99, ಉತ್ತರ 0.01. ಸರಿ ಉತ್ತರ 0.001, ಹತ್ತು ಪಟ್ಟು ವ್ಯತ್ಯಾಸ. ಹೊರಗೆ ಬೀಳುವ ಒಂದು ಅಂಕಿಯನ್ನು ಕ್ಷಣ ಹೊತ್ತು ಹಿಡಿದಿಟ್ಟರೆ ತಪ್ಪು ಮಾಯ. ಬಳಕೆದಾರರು ಪಟ್ಟು ಹಿಡಿದರು. ಐಬಿಎಂ ಕೊನೆಗೆ 1968ರಲ್ಲಿ ದೀರ್ಘ ರೂಪಕ್ಕೂ ಕಾವಲು ಅಂಕಿ ಸೇರಿಸಿ, ಅದಾಗಲೇ ಗ್ರಾಹಕರ ಬಳಿ ಇದ್ದ ಯಂತ್ರಗಳನ್ನೂ ತಿದ್ದಿತು. ಕೋಣೆಗಾತ್ರದ ಯಂತ್ರಗಳನ್ನು ಇದ್ದಲ್ಲೇ ಬಿಚ್ಚಿ ತಿದ್ದುವ ಖರ್ಚು ಸಣ್ಣದಲ್ಲ. ಒಂದು ಅಂಕಿಗಾಗಿ ಅದನ್ನು ಭರಿಸಿದರು ಎಂಬುದನ್ನು ಎಂಟನೇ ತರಗತಿಯ ಮಕ್ಕಳಿಗೆ ಹೇಳಿದರೆ "ಅಂದಾಜಿಸುವಿಕೆ" ಪಾಠದ ತೂಕ ತಾನೇ ಏರುತ್ತದೆ.

ಈ ಕುಟುಂಬದ್ದೇ ಆದ ಐಬಿಎಂ 360/44 ಯಂತ್ರ 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರದಲ್ಲಿತ್ತು. ವೈಜ್ಞಾನಿಕ ಲೆಕ್ಕಕ್ಕೆಂದೇ ಮಾಡಿದ ಮಾದರಿ ಅದು. ಅದರ ಮುಂಭಾಗದಲ್ಲಿ ರೇಡಿಯೋಗೆ ಇರುವಂಥ ತಿರುಗುಗುಂಡಿ ಇತ್ತು. ದೀರ್ಘ ರೂಪದ ಲೆಕ್ಕ 8 ಅಂಕಿಗೋ 10ಕ್ಕೋ 12ಕ್ಕೋ 14ಕ್ಕೋ ಎಂದು ಅದರಿಂದ ಆರಿಸಬಹುದಿತ್ತು. ಅಂಕಿ ಕಡಿಮೆ ಮಾಡಿದರೆ ವೇಗ ಹೆಚ್ಚು. "ಎಷ್ಟು ಸರಿ ಬೇಕು, ಎಷ್ಟು ಹೊತ್ತಿನಲ್ಲಿ ಬೇಕು" ಎಂಬ ಪ್ರಶ್ನೆಯನ್ನು ಇಷ್ಟು ಬಿಚ್ಚುಮನಸ್ಸಿನಿಂದ ಕೈಗೆ ಕೊಟ್ಟ ಇನ್ನೊಂದು ಸಾಧನ ನನಗೆ ತಿಳಿಯದು. ನಮ್ಮ ಪಾಠಗಳಲ್ಲಿ ಉತ್ತರ "ಸರಿ" ಅಥವಾ "ತಪ್ಪು". "ಎಷ್ಟರ ಮಟ್ಟಿಗೆ ಸರಿ" ಎಂಬ ಮೂರನೆಯ ಕಲಮು ಪಾಠ ವೀಕ್ಷಣೆಯ ನಮೂನೆಗಳಲ್ಲೂ ಇಲ್ಲ, ಇರಬೇಕು.

ಈಗ ವೇಗದ ಮಾತು. ಇಲ್ಲಿ ಏಳನೇ ತರಗತಿಯಿಂದ ಕಲಿಸುತ್ತ ಬಂದ ಒಂದು ನಿಯಮ ಪರೀಕ್ಷೆಗೊಳಗಾಗುತ್ತದೆ. ಸಂಕಲನ ಸಹವರ್ತನೀಯ: ಮೊದಲೆರಡನ್ನು ಕೂಡಿ ಮೂರನೆಯದನ್ನು ಸೇರಿಸಿದರೂ, ಕೊನೆಯೆರಡನ್ನು ಮೊದಲು ಕೂಡಿದರೂ ಒಂದೇ. ನಾಲ್ಕು ಅಂಕಿ ಮಾತ್ರ ಇಡಬಲ್ಲ ಯಂತ್ರದಲ್ಲಿ 1000ಕ್ಕೆ 0.4ನ್ನು ಕೂಡಿ. ಬರುವುದು 1000.4, ನಾಲ್ಕು ಅಂಕಿಗೆ ಇಳಿಸಿದರೆ ಮತ್ತೆ 1000. ಹೀಗೆ ಹತ್ತು ಸಲ ಕೂಡಿದರೂ 1000ವೇ. ಆದರೆ ಹತ್ತು 0.4ಗಳನ್ನು ಮೊದಲು ಒಟ್ಟು ಮಾಡಿದರೆ 4, ಆಮೇಲೆ 1000 ಸೇರಿಸಿದರೆ 1004. ಒಂದೇ ಹನ್ನೊಂದು ಸಂಖ್ಯೆಗಳು, ಎರಡು ಮೊತ್ತ.

ಇದು ಬರೀ ಚಮತ್ಕಾರವಲ್ಲ. 2015ರಲ್ಲಿ ಬಂದ ಐಬಿಎಂ ಝಡ್13 ಮೇನ್‌ಫ್ರೇಮ್‌ನಲ್ಲಿ 128 ಬಿಟ್ ಅಗಲದ 32 ವೆಕ್ಟರ್ ರಿಜಿಸ್ಟರ್‌ಗಳಿವೆ. ಒಂದರಲ್ಲಿ ಎರಡು ದೀರ್ಘ ಸಂಖ್ಯೆಗಳು ಜೊತೆಯಾಗಿ ಕೂರುತ್ತವೆ, ಒಂದೇ ಆದೇಶಕ್ಕೆ ಎರಡೂ ಕೂಡುತ್ತವೆ. ಉದ್ದನೆಯ ಪಟ್ಟಿಯ ಮೊತ್ತ ಬೇಕಾದಾಗ ಲೈಬ್ರರಿಯು ಬೆಸ ಸ್ಥಾನದವನ್ನು ಒಂದು ಕಡೆ, ಸಮ ಸ್ಥಾನದವನ್ನು ಇನ್ನೊಂದು ಕಡೆ ಕೂಡುತ್ತ ಹೋಗಿ ಕೊನೆಗೆ ಎರಡನ್ನೂ ಸೇರಿಸುತ್ತದೆ. ವೇಗ ಹೆಚ್ಚಿತು, ಕೂಡುವ ಕ್ರಮ ಬದಲಾಯಿತು. ಆದ್ದರಿಂದ ಕೊನೆಯ ಅಂಕಿಗಳೂ ಬದಲಾಗಬಹುದು. ಹಳೆಯ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಹದಿನಾರನೇ ಅಂಕಿಯಲ್ಲಿ ಬೇರೆ ಉತ್ತರ ಕೊಟ್ಟಾಗ "ಯಾವುದು ಸರಿ?" ಎಂದು ಕೇಳುವ ಇಂಜಿನಿಯರನಿಗೆ ಬೇಕಾದ ತಿಳಿವಳಿಕೆ ನಮ್ಮ ಸಹವರ್ತನೀಯ ನಿಯಮದ ಪಾಠದಲ್ಲಿದೆ. ನಿಯಮ ಸತ್ಯವೇ. ಯಾವ ಸಂಖ್ಯೆಗಳಿಗೆ ಸತ್ಯ ಎಂಬುದನ್ನು ಹೇಳದೆ ಕಲಿಸಿದರೆ ಅರ್ಧ ಕಲಿಸಿದಂತೆ.

ಮಾತೃಕೆಗಳ ಗುಣಾಕಾರದಲ್ಲಿ ವೇಗದ ಗುಟ್ಟು ಬೇರೆ ಕಡೆಯಿದೆ. ಅಲ್ಲಿ ಗುಣಿಸುವುದಕ್ಕಿಂತ ಸಂಖ್ಯೆಗಳನ್ನು ಸ್ಮೃತಿಯಿಂದ ತರುವುದೇ ಯಂತ್ರಕ್ಕೆ ಹೆಚ್ಚು ಹೊತ್ತು. ಸ್ಟಾಫ್ ರೂಮಿನ ಮೇಜಿನ ಮೇಲಿರುವ ಪುಸ್ತಕ ತಕ್ಷಣ ಸಿಗುತ್ತದೆ, ಗ್ರಂಥಾಲಯದ ಕಪಾಟಿನಲ್ಲಿರುವುದಕ್ಕೆ ಎದ್ದು ಹೋಗಬೇಕು. ಮೇಜು ಚಿಕ್ಕದು. 4×4 ಮಾತೃಕೆಗಳೆರಡನ್ನು ಪಠ್ಯಪುಸ್ತಕದ ಕ್ರಮದಲ್ಲೇ ಗುಣಿಸಿದರೆ, ಗುಣಲಬ್ಧದ ಪ್ರತಿ ಅಂಶಕ್ಕೂ ಒಂದು ಅಡ್ಡಸಾಲು, ಒಂದು ಕಂಬಸಾಲು, ಒಟ್ಟು ಎಂಟು ಸಂಖ್ಯೆ ತರಬೇಕು. ಹದಿನಾರು ಅಂಶಗಳಿಗೆ 128 ಸಲ ಎದ್ದು ಹೋದಂತಾಯಿತು. ಈಗ ಪ್ರತಿ ಮಾತೃಕೆಯನ್ನೂ 2×2ರ ನಾಲ್ಕು ತುಂಡುಗಳಾಗಿಸಿ, ತುಂಡುಗಳನ್ನೇ ಸಂಖ್ಯೆಗಳೆಂದು ಭಾವಿಸಿ ಗುಣಿಸಿ. ಗುಣಲಬ್ಧದ ಪ್ರತಿ ತುಂಡಿಗೆ ಎರಡು ಜೋಡಿ ತುಂಡು ಬೇಕು, ಜೋಡಿಗೆ ಎಂಟು ಸಂಖ್ಯೆ. ನಾಲ್ಕು ತುಂಡಿಗೆ 4×2×8, ಅಂದರೆ 64 ಸಲ. ಮಾಡಿದ ಗುಣಾಕಾರಗಳು ಎರಡರಲ್ಲೂ 64. ಓಡಾಟ ಮಾತ್ರ ಅರ್ಧಕ್ಕಿಳಿಯಿತು. ತುಂಡು 3×3 ಆದರೆ ಓಡಾಟ ಮೂರನೇ ಒಂದು ಪಾಲಾಗುತ್ತದೆ. ಆದರೆ ಮೇಜಿಗಿಂತ ದೊಡ್ಡ ತುಂಡು ಮಾಡಿದರೆ ಪುಸ್ತಕ ಕೆಳಗೆ ಬೀಳುತ್ತದೆ, ಲಾಭವೂ ಹೋಯಿತು.

ಹಾಗಾದರೆ ಯಾವ ಯಂತ್ರಕ್ಕೆ ಎಷ್ಟು ದೊಡ್ಡ ತುಂಡು? ಇದಕ್ಕಾಗಿಯೇ ಬೀಜಗಣಿತದ ಮೂಲ ಕ್ರಿಯೆಗಳಿಗೆ ಒಂದು ಸಾಮಾನ್ಯ ಹೆಸರುಪಟ್ಟಿ ಬಂತು, ಬ್ಲಾಸ್ ಎಂದು ಅದರ ಹೆಸರು. 1979ರಲ್ಲಿ ಸದಿಶಗಳಿಗೆ, 1988ರಲ್ಲಿ ಮಾತೃಕೆ ಮತ್ತು ಸದಿಶಕ್ಕೆ, 1990ರಲ್ಲಿ ಮಾತೃಕೆ ಮತ್ತು ಮಾತೃಕೆಗೆ. ಕರೆಯುವ ಹೆಸರು ಎಲ್ಲೆಡೆ ಒಂದೇ, ಒಳಗಿನ ಕೆಲಸ ಆಯಾ ಯಂತ್ರಕ್ಕೆ ಹೊಂದಿದ್ದು. ಐಬಿಎಂ 1980ರ ದಶಕದಲ್ಲಿ 3090 ಮೇನ್‌ಫ್ರೇಮ್‌ನ ವೆಕ್ಟರ್ ಸೌಲಭ್ಯಕ್ಕಾಗಿ ಎಸ್ಸೆಲ್ ಎಂಬ ಲೈಬ್ರರಿ ಬರೆಸಿತು. ಝಡ್13ರ ಕಾಲಕ್ಕೆ ಸಿ ಭಾಷೆಯ ಕಂಪೈಲರ್ ಜೊತೆ ಎರಡು ಲೈಬ್ರರಿ ಕೊಟ್ಟಿತು: ಸೈನ್, ಲಾಗರಿದಮ್‌ಗಳನ್ನು ಒಂದೊಂದಾಗಿ ಅಲ್ಲದೆ ಪಟ್ಟಿಪಟ್ಟಿಯಾಗಿ ಲೆಕ್ಕಿಸುವ ಮಾಸ್, ಮತ್ತು ಮಾತೃಕೆಗಳ ಅಟ್ಲಾಸ್. ಅಟ್ಲಾಸ್ ಮೂಲತಃ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ್ದು. ತುಂಡಿನ ಗಾತ್ರವನ್ನು ಅದು ಊಹಿಸುವುದಿಲ್ಲ. ಯಂತ್ರದ ಮೇಲೆಯೇ ಹಲವು ಗಾತ್ರಗಳನ್ನು ಓಡಿಸಿ, ಹೊತ್ತು ಅಳೆದು, ಒಳ್ಳೆಯದನ್ನು ಉಳಿಸಿಕೊಳ್ಳುತ್ತದೆ. ನಾವು ಕ್ರಿಯಾ ಸಂಶೋಧನೆ ಎಂದು ಕರೆಯುವುದಕ್ಕೆ ಇದು ಬಹಳ ಹತ್ತಿರ.

ಬ್ಯಾಂಕಿನ ಲೆಕ್ಕದ ಬಗ್ಗೆ ಒಂದೇ ಮಾತು. 0.1 ಎಂಬುದು ದ್ವಿಮಾನದಲ್ಲಿ ಮುಗಿಯದ ಭಿನ್ನರಾಶಿ, ಹತ್ತರ ಆಧಾರದಲ್ಲಿ ಮೂರನೇ ಒಂದು ಹೇಗೋ ಹಾಗೆ. 70 ಪೈಸೆಗೆ ಶೇಕಡಾ 5 ತೆರಿಗೆ ಸೇರಿಸಿದರೆ 73.5 ಪೈಸೆ, ಸರಿಹೊಂದಿಸಿದರೆ 74. ದ್ವಿಮಾನ ಯಂತ್ರದಲ್ಲಿ 0.70ನ್ನು 1.05ರಿಂದ ಗುಣಿಸಿದರೆ 0.735ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬಂದು 73 ಪೈಸೆಗೆ ಇಳಿಯುತ್ತದೆ. ಮೇನ್‌ಫ್ರೇಮ್‌ಗಳು ಹತ್ತರ ಆಧಾರದ ಲೆಕ್ಕವನ್ನು ಎಂದೂ ಕೈಬಿಡದಿರುವುದಕ್ಕೆ, 2008ರ ಝಡ್10ರಲ್ಲಿ ಅದಕ್ಕೆಂದೇ ಯಂತ್ರಾಂಗ ಇಟ್ಟಿದ್ದಕ್ಕೆ ಇದೇ ಕಾರಣ.

ಲೈಬ್ರರಿಯನ್ನು ನಂಬುವುದು ಎಷ್ಟು ದೂರ ಎಂಬುದಕ್ಕೆ ರ್‍ಯಾಂಡು ಪ್ರಸಂಗಕ್ಕಿಂತ ಒಳ್ಳೆಯ ಪಾಠವಸ್ತು ಬೇರೆ ಇಲ್ಲ. ಸಿಸ್ಟಮ್/360ರ ಜೊತೆ ಐಬಿಎಂ ಕೊಟ್ಟ ವೈಜ್ಞಾನಿಕ ಉಪಪ್ರೋಗ್ರಾಂಗಳ ಸಂಗ್ರಹದಲ್ಲಿ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ರ್‍ಯಾಂಡು ಇತ್ತು. ಹಿಂದಿನ ಸಂಖ್ಯೆಯನ್ನು 65539ರಿಂದ ಗುಣಿಸು, 2³¹ರಿಂದ ಭಾಗಿಸಿ ಶೇಷ ಇಟ್ಟುಕೋ, ಅದೇ ಮುಂದಿನ ಸಂಖ್ಯೆ. ತುಂಬ ವೇಗ. ಏಕೆಂದರೆ 65539 ಎಂದರೆ 2¹⁶ + 3, ದ್ವಿಮಾನ ಯಂತ್ರಕ್ಕೆ ಸುಲಭದ ಸಂಖ್ಯೆ. ಅದರ ಬಳಕೆ ದೇಶದೇಶಗಳಿಗೆ ಹಬ್ಬಿತು, ಬೇರೆ ಯಂತ್ರಗಳಿಗೂ ನಕಲಾಯಿತು. ಯಾರೂ ಒಳಗೆ ಇಣುಕಿ 65539ರ ವರ್ಗ ತೆಗೆಯಲಿಲ್ಲವೆಂದು ಕಾಣುತ್ತದೆ. ಒಂಬತ್ತನೇ ತರಗತಿಯ ನಿತ್ಯಸಮೀಕರಣದಿಂದ ಅದು 2³² + 6×2¹⁶ + 9. ಮೊದಲ ಪದ 2³¹ರ ಅಪವರ್ತ್ಯವಾದ್ದರಿಂದ ಶೇಷದಲ್ಲಿ ಉಳಿಯದು. ಉಳಿದದ್ದು 6×2¹⁶ + 9, ಅದನ್ನೇ 6×(2¹⁶ + 3) − 9 ಎಂದು ಬರೆಯಬಹುದು. ಅಂದರೆ ಅನುಕ್ರಮವಾದ ಮೂರು ಸಂಖ್ಯೆಗಳು ಕ, ಖ, ಗ ಆದರೆ, ಶೇಷದ ಲೆಕ್ಕದಲ್ಲಿ ಗ = 6ಖ − 9ಕ. ಎರಡು ಗೊತ್ತಿದ್ದರೆ ಮೂರನೆಯದು ಗೊತ್ತು. ಮೂರನ್ನೂ 2³¹ರಿಂದ ಭಾಗಿಸಿ 0 ಮತ್ತು 1ರ ನಡುವೆ ತಂದರೆ 9ಕ − 6ಖ + ಗ ಯಾವಾಗಲೂ ಪೂರ್ಣಾಂಕ. ಅದು −6ಕ್ಕಿಂತ ದೊಡ್ಡದು, 10ಕ್ಕಿಂತ ಚಿಕ್ಕದು, ಹಾಗಾಗಿ −5ರಿಂದ 9ರವರೆಗೆ ಹದಿನೈದೇ ಬೆಲೆಗಳು. ಘನದೊಳಗೆ ಎಲ್ಲೆಂದರಲ್ಲಿ ಚದುರಬೇಕಿದ್ದ ಬಿಂದುಗಳು ಹದಿನೈದು ಸಮತಲಗಳ ಮೇಲೆ ಶಿಸ್ತಾಗಿ ಕೂತಿದ್ದವು. ಇಂಥ ವಿಧಾನಗಳ ಸಂಖ್ಯೆಗಳೆಲ್ಲ ಸಮತಲಗಳ ಮೇಲೆ ಬೀಳುತ್ತವೆಂದು ಜಾರ್ಜ್ ಮಾರ್ಸಾಲ್ಯಾ 1968ರಲ್ಲಿ ತೋರಿಸಿದರು. ರ್‍ಯಾಂಡುವಿನಲ್ಲಿ ಸಮತಲಗಳು ತೀರಾ ಕಡಿಮೆ. ಅಷ್ಟರಲ್ಲಿ ಅದನ್ನು ನಂಬಿ ಮಾಡಿದ ಲೆಕ್ಕಗಳೆಷ್ಟೋ.

ತರಗತಿಗೆ 2³¹ ಬೇಡ. 2³ + 3 = 11ರಿಂದ ಗುಣಿಸಿ 32ರಿಂದ ಭಾಗಿಸಿದ ಶೇಷ ಸಾಕು, ಗುಟ್ಟು ಅದೇ. 1ರಿಂದ ಶುರುಮಾಡಿದರೆ 1, 11, 25, 19, 17, 27, 9, 3, ಆಮೇಲೆ ಮತ್ತೆ 1. ಮಕ್ಕಳನ್ನು ಎರಡು ಗುಂಪು ಮಾಡಿ. ಒಂದು ಗುಂಪಿಗೆ ನಿಯಮ ತಿಳಿಸಿ, ಅವರು ಬೇರೆ ಬೇರೆ ಬೆಸಸಂಖ್ಯೆಗಳಿಂದ ಸರಣಿ ಹುಟ್ಟಿಸಿ ಒಂದೊಂದಾಗಿ ಹಲಗೆಯ ಮೇಲೆ ಬರೆಯಲಿ. ಇನ್ನೊಂದು ಗುಂಪಿಗೆ 11ರ ವಿಷಯ ಹೇಳದೆ, ಎರಡನೆಯದರ ಆರು ಪಟ್ಟಿನಿಂದ ಮೊದಲನೆಯದರ ಒಂಬತ್ತು ಪಟ್ಟನ್ನು ಕಳೆಯಲು ಮಾತ್ರ ಹೇಳಿಕೊಡಿ. 25, 19 ಬಂದಾಗ 114 − 225 = −111 ಎಂದಾಗುತ್ತದೆ. ಋಣ ಸಂಖ್ಯೆಯ ಶೇಷ ತೆಗೆಯುವುದು ಹೇಗೆ ಎಂಬ ಪ್ರಶ್ನೆಗೆ ಅಲ್ಲಿ ನಿಲ್ಲಬೇಕಾಗುತ್ತದೆ, ಆ ನಿಲುಗಡೆಗೆ ಹತ್ತು ನಿಮಿಷ ಮೀಸಲಿಡಿ. 32ರ ನಾಲ್ಕು ಪಟ್ಟು ಸೇರಿಸಿದರೆ 17, ಎದುರು ಗುಂಪು ಬರೆಯುವ ಮೊದಲೇ ಇವರು ಹೇಳಿಬಿಡುತ್ತಾರೆ. 11ರ ವರ್ಗವನ್ನು ಹಲಗೆಯ ಮೇಲೆ ಬಿಡಿಸುವುದು ಅದರ ನಂತರ. ಮೊದಲೇ ಬಿಡಿಸಿದರೆ ಆಟವೂ ಕೆಡುತ್ತದೆ, ಬಿಡಿಸುವ ಕಾರಣವೂ ಮಕ್ಕಳಿಗೆ ಕಾಣುವುದಿಲ್ಲ.